ಇಸಿಜಿ ಸರಿ ಇತ್ತು, ಎಕೋ ಸರಿ ಇತ್ತು. ಆದರೂ ಸಿ.ಟಿ. ಯಾಕೆ ಬೇಕಾಯಿತು?

ಪ್ರಶ್ನೆ: ಡಾಕ್ಟ್ರೇ, ನಾವು ಹರಿಹರದವರು. ನಮ್ಮಣ್ಣನಿಗೆ 52 ವರ್ಷ, ದಾವಣಗೆರೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇದೆ. ಹತ್ತು ವರ್ಷದಿಂದ ಬಿಪಿ. ನಾಲ್ಕು ತಿಂಗಳಿಂದ ಮಾತ್ರೆ ಬಿಟ್ಟಿದ್ದ. ಹೋದ ತಿಂಗಳು ಬೆಳಿಗ್ಗೆ ನೀರಿನ ಕೊಡ ಎತ್ತುವಾಗ ಎರಡೂ ಭುಜದ ನಡುವೆ ತಟ್ಟನೆ ನೋವು ಬಂತು. ಹಿಂದಿನ ರಾತ್ರಿ ಮಿರ್ಚಿ ಮಂಡಕ್ಕಿ ತಿಂದಿದ್ದ, ಗ್ಯಾಸ್ ಅಂದುಕೊಂಡೆವು. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ, ಎಕ್ಸ್-ರೇ ಸರಿ ಇದೆ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಹೊತ್ತಿಗೆ ನೋವು ಸೊಂಟಕ್ಕೆ ಇಳಿಯಿತು. ದಾವಣಗೆರೆಯ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಎಕೋ ಕೂಡ ಸರಿ ಬಂತು. ಆದರೂ ಡೈ ಹಾಕಿ ಸಿ.ಟಿ. ಮಾಡಲೇಬೇಕು ಅಂದರು. ಕ್ರಿಯಾಟಿನಿನ್ 1.6 ಇತ್ತು. ಕಿಡ್ನಿ ಹೋಗುತ್ತೆ ಅಂತ ಹೆದರಿ ಮೂರು ತಾಸು ನಾವು ಒಪ್ಪಲಿಲ್ಲ. ಕೊನೆಗೆ ಮಾಡಿಸಿದಾಗ ‘ಟೈಪ್ ಬಿ ಅಯೋರ್ಟಿಕ್ ಡಿಸೆಕ್ಷನ್’ ಅಂತ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾನೆ. ಮೊದಲ ಟೆಸ್ಟುಗಳಲ್ಲಿ ಯಾಕೆ ಸಿಗಲಿಲ್ಲ? ಡೈ ಇಲ್ಲದೆ ಬೇರೆ ದಾರಿ ಇರಲಿಲ್ವಾ? ಈಗ ಮತ್ತೆ ಮತ್ತೆ ಸಿ.ಟಿ. ಮಾಡಿಸಿ ಅಂತಾರೆ, ಅದು ಬೇಕಾ? ತಮ್ಮನಾದ ನನಗೂ ಟೆಸ್ಟ್ ಬೇಕಾ?

ಉತ್ತರ:

ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ಒಂದು ಪದದ ಮೇಲೆ. ‘ತಟ್ಟನೆ.’ ನೀವು ಅದನ್ನು ಸಹಜವಾಗಿ ಬರೆದಿದ್ದೀರಿ. ದಾವಣಗೆರೆಯಲ್ಲಿ ಕೂತು ದಿನವಿಡೀ ಸಿ.ಟಿ. ಚಿತ್ರ ಓದುವ ನನಗೆ, ನಿಮ್ಮ ಇಡೀ ಪತ್ರದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಸುಳಿವು. ಬೆಳಿಗ್ಗೆ ಯಾರಾದರೂ ಅದನ್ನು ಕೇಳಿದ್ದರೆ, ಅಥವಾ ನೀವೇ ಹೇಳಿದ್ದರೆ, ದಾರಿ ಬೇರೆಯಾಗುತ್ತಿತ್ತೇನೋ.

ಹಾರ್ಟ್ ಅಟ್ಯಾಕ್ ನೋವು ಸಾಮಾನ್ಯವಾಗಿ ಐದು ಹತ್ತು ನಿಮಿಷದಲ್ಲಿ ಏರುತ್ತಾ ಹೋಗುತ್ತದೆ. ಗ್ಯಾಸ್ ನೋವು ಬಂದು ಹೋಗಿ ಆಡುತ್ತದೆ. ಅಯೋರ್ಟಾ ಸೀಳಿದ ನೋವು ಹಾಗಲ್ಲ. ಮೊದಲ ಕ್ಷಣದಲ್ಲೇ ಅದು ತುತ್ತತುದಿಯಲ್ಲಿರುತ್ತದೆ. ‘ಕೊಡ ಎತ್ತುವಾಗ’, ‘ಬಸ್ ಹತ್ತುವಾಗ’, ‘ಮುಖ ತೊಳೆಯುವಾಗ’ ಅಂತ ರೋಗಿ ಆ ಗಳಿಗೆಯನ್ನೇ ಹೇಳಬಲ್ಲರು. ಈ ಕಾಯಿಲೆಗೆಂದೇ ಹಲವು ದೇಶಗಳ ಆಸ್ಪತ್ರೆಗಳು ಸೇರಿ 1996ರಿಂದ ಒಂದು ದಾಖಲೆ ಇಟ್ಟಿವೆ. 464 ರೋಗಿಗಳ ವಿವರ ಸೇರಿಸಿ ಅವರು 2000ದಲ್ಲಿ ಮೊದಲ ವರದಿ ಕೊಟ್ಟರು. ಅದರಲ್ಲಿ ಸುಮಾರು 85% ಜನ ನೋವು ತಟ್ಟನೆ ಬಂತು ಅಂದಿದ್ದರು. ‘ಹರಿದ ಹಾಗೆ, ಸೀಳಿದ ಹಾಗೆ’ ಅಂದವರು ಅರ್ಧದಷ್ಟೇ. ‘ಚುಚ್ಚಿದ ಹಾಗೆ’ ಅಂದವರು ಅದಕ್ಕಿಂತ ಜಾಸ್ತಿ. ಹಾಗಾಗಿ ನೋವು ಹೇಗಿದೆ ಅನ್ನುವುದಕ್ಕಿಂತ ಹೇಗೆ ಶುರುವಾಯಿತು ಅಂತ ಕೇಳುವುದು ಮುಖ್ಯ.

ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಕನ್ನಡದಲ್ಲಿ ಮಹಾಪಧಮನಿ. ಹೃದಯದ ಬುಡದಲ್ಲಿ ಸುಮಾರು 3 ಸೆಂ.ಮೀ. ಅಗಲ. ಮೇಲಕ್ಕೆ ಎದ್ದು, ಕೊಡೆಯ ಹಿಡಿಯ ಹಾಗೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಇಳಿದು, ಹೊಕ್ಕುಳ ಮಟ್ಟದಲ್ಲಿ ಎರಡು ಕಾಲಿಗೆ ಕವಲಾಗುತ್ತದೆ. ಗೋಡೆಗೆ ಮೂರು ಪದರ. ತೋಟದ ಪಂಪ್‌ಸೆಟ್ಟಿಗೆ ಹಾಕುವ ಹಳೇ ರಬ್ಬರ್ ಪೈಪ್ ನೆನಪಿಸಿಕೊಳ್ಳಿ. ಒಳಪದರ ಒಂದು ಕಡೆ ಸೀಳಿದರೆ ನೀರು ಪದರಗಳ ನಡುವೆ ನುಗ್ಗುತ್ತದೆ. ಒಳಪದರ ಉಬ್ಬಿ ನೀರಿನ ದಾರಿಗೇ ಅಡ್ಡ ಬರುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಸರಿಯಾಗಿಯೇ ಇದೆ. ಡಿಸೆಕ್ಷನ್ ಅಂದರೆ ಇದೇ. ಎದೆಬಡಿತ ಒಂದೊಂದಕ್ಕೂ ರಕ್ತ ಆ ಸೀಳಿನೊಳಗೆ ಒತ್ತುತ್ತದೆ, ಸೀಳು ಕೆಳಗೆ ಓಡುತ್ತದೆ. ನಿಮ್ಮಣ್ಣನ ನೋವು ಬೆನ್ನಿಂದ ಸೊಂಟಕ್ಕೆ ಇಳಿದಿದ್ದು ಅದಕ್ಕೇ. ಎಲ್ಲರಿಗೂ ಹೀಗೆ ಜಾಗ ಬದಲಿಸಲ್ಲ, ಆ ವರದಿಯಲ್ಲಿ ಆರರಲ್ಲಿ ಒಬ್ಬರಿಗೆ ಮಾತ್ರ. ಆದರೆ ಬದಲಿಸಿದಾಗ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಸಂಜೆಯ ಡಾಕ್ಟರ್ ಅದನ್ನು ಹಿಡಿದರು. ಅವರಿಗೆ ನನ್ನ ನಮಸ್ಕಾರ.

ಇದೇ ಮನೆತನದ ಇನ್ನೆರಡು ಕಾಯಿಲೆಗಳಿವೆ. ಒಂದರಲ್ಲಿ ಒಳಪದರ ಬಾಯಿ ತೆರೆದಿರುವುದು ಕಾಣುವುದಿಲ್ಲ, ಗೋಡೆಯ ಒಳಗೇ ರಕ್ತ ಹೆಪ್ಪುಗಟ್ಟಿರುತ್ತದೆ. ಇನ್ನೊಂದರಲ್ಲಿ ವಯಸ್ಸಾದವರ ರಕ್ತನಾಳದಲ್ಲಿ ಕೊಬ್ಬು ಕಟ್ಟಿದ ಜಾಗ ಹುಣ್ಣಾಗಿ ಗೋಡೆಯನ್ನು ಕೊರೆಯುತ್ತದೆ. ಮೂರರ ನೋವೂ ಒಂದೇ ಥರ, ಅಪಾಯವೂ ಹತ್ತಿರ ಹತ್ತಿರ ಒಂದೇ. ಅದಕ್ಕೇ ಮೂರನ್ನೂ ಸೇರಿಸಿ ಅಕ್ಯೂಟ್ ಅಯೋರ್ಟಿಕ್ ಸಿಂಡ್ರೋಮ್ ಅನ್ನುತ್ತೇವೆ.

ಈಗ ನಿಮ್ಮ ಮೊದಲ ಪ್ರಶ್ನೆ. ಇಸಿಜಿ ಯಾಕೆ ಸರಿ ಬಂತು? ಅದು ನೋಡುವುದು ಹೃದಯದ ಮಾಂಸದ ಕರೆಂಟನ್ನು. ನಿಮ್ಮಣ್ಣನ ಹೃದಯ ಸರಿಯಾಗಿಯೇ ಇತ್ತು, ಇಸಿಜಿ ನಿಜವನ್ನೇ ಹೇಳಿತು. ನಾವು ಅದನ್ನು ಅಯೋರ್ಟಾದ ಬಗ್ಗೆ ಕೇಳಿರಲಿಲ್ಲ, ಕೇಳಿದ್ದರೂ ಅದಕ್ಕೆ ಗೊತ್ತಿಲ್ಲ. ಮೇಲೆ ಹೇಳಿದ ದಾಖಲೆಯಲ್ಲಿ ಮೂರರಲ್ಲಿ ಒಬ್ಬರ ಇಸಿಜಿ ಪೂರ್ತಿ ಸರಿ ಇತ್ತು.

ಉಳಿದವರದ್ದು ಇನ್ನೂ ಕಷ್ಟ. ಸೀಳು ಹೃದಯದ ಕಡೆಗೆ ಹೋಗಿ ಬಲಗಡೆಯ ಹೃದಯದ ರಕ್ತನಾಳವನ್ನು ಮುಚ್ಚಿದರೆ ಇಸಿಜಿಯಲ್ಲಿ ಅಸಲಿ ಹಾರ್ಟ್ ಅಟ್ಯಾಕೇ ಕಾಣುತ್ತದೆ. ಹೃದಯಕ್ಕೆ ಪೆಟ್ಟಾಗಿದೆ ಅಂತ ತೋರಿಸುವ ಟ್ರೋಪೋನಿನ್ ಅನ್ನುವ ಅಂಶ ಕೂಡ ರಕ್ತದಲ್ಲಿ ಏರುತ್ತದೆ. ಆಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟುಬಿಟ್ಟರೆ ಸೀಳಿದ ಗೋಡೆಗೆ ಅದು ವಿಷವಿದ್ದಂತೆ. ಹಾಗಂತ ಎದೆನೋವು ಅಂದವರಿಗೆಲ್ಲ ಮೊದಲು ಸಿ.ಟಿ. ಅಂದರೆ, ನಿಜವಾದ ಹಾರ್ಟ್ ಅಟ್ಯಾಕಿನವರ ಅಮೂಲ್ಯ ಸಮಯ ಹಾಳಾಗುತ್ತದೆ. ಬೇರೆ ದೇಶಗಳ ಲೆಕ್ಕ ನೋಡಿದರೆ ಅಯೋರ್ಟಾದ ಈ ಕಾಯಿಲೆ ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಆರು ಜನಕ್ಕೆ ಬರುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದಲ್ಲಿ ಸುಮಾರು 4.35 ಲಕ್ಷ ಜನ ಇದ್ದರು. ಅದೇ ಲೆಕ್ಕ ಇಲ್ಲಿಗೂ ಹಿಡಿದರೆ ಇಡೀ ಊರಿಗೆ ವರ್ಷಕ್ಕೆ ಹದಿಮೂರರಿಂದ ಇಪ್ಪತ್ತಾರು ಜನ. ಸಣ್ಣ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಎಷ್ಟೋ ವರ್ಷ ಒಂದನ್ನೂ ನೋಡದೆ ಇರಬಹುದು. ಬೆಳಿಗ್ಗೆಯ ಡಾಕ್ಟರ್ ಮೇಲೆ ನಿಮಗೆ ಸಿಟ್ಟಿದೆ, ಪತ್ರದಲ್ಲಿ ಅದು ಗೊತ್ತಾಗುತ್ತದೆ. ಸಿಟ್ಟು ತಪ್ಪಲ್ಲ. ಆದರೆ ಅವರ ಜಾಗದಲ್ಲಿ ಕೂತರೆ ಇದು ಎಷ್ಟು ಕಷ್ಟ ಅನ್ನುವುದೂ ಗೊತ್ತಾಗಬೇಕು. ಬಿಪಿ ಮಾತ್ರೆ ಬಿಟ್ಟ ರೋಗಿ, ತಟ್ಟನೆ ಬಂದ ಬೆನ್ನುನೋವು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅನುಮಾನ ಬರಬೇಕಿತ್ತು ಅನ್ನುವುದು ಮಾತ್ರ ನನ್ನ ಅಭಿಪ್ರಾಯ.

ಎಕ್ಸ್-ರೇಯಲ್ಲಿ ನಾವು ಹುಡುಕುವುದು ಎದೆಯ ನಡುವಿನ ನೆರಳು ಅಗಲ ಆಗಿದೆಯಾ ಅಂತ. ಆಗಿದ್ದರೆ ಸುಳಿವು. ಆಗಿಲ್ಲದಿದ್ದರೆ ಏನೂ ಹೇಳಲು ಬರಲ್ಲ. ಆ 464 ಜನರಲ್ಲಿ ನೂರಕ್ಕೆ ಹನ್ನೆರಡು ಜನರ ಎಕ್ಸ್-ರೇಯಲ್ಲಿ ಒಂದು ದೋಷವೂ ಇರಲಿಲ್ಲ.

ಎಕೋ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ಎಕೋ ನಾರ್ಮಲ್’ ಅನ್ನುವ ಕಾಗದ ನೋಡಿ ಸಮಾಧಾನ ಪಟ್ಟು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಎಕೋ ಶಬ್ದದ ಅಲೆಯಿಂದ ನೋಡುತ್ತದೆ. ಆ ಅಲೆ ಗಾಳಿಯನ್ನು ದಾಟುವುದಿಲ್ಲ. ಎದೆಯ ಮುಂದೆ ಇಟ್ಟು ನೋಡಿದಾಗ ಅಯೋರ್ಟಾದ ಬುಡ ಮತ್ತು ಮೇಲೇಳುವ ಭಾಗದ ಶುರು ಚೆನ್ನಾಗಿ ಕಾಣುತ್ತದೆ. ಕವಾಟ ಸೋರುತ್ತಿದೆಯಾ, ಹೃದಯದ ಸುತ್ತ ರಕ್ತ ತುಂಬಿದೆಯಾ ಅನ್ನುವುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬೆನ್ನಿನ ಕಡೆ ಇಳಿಯುವ ಭಾಗ ಮಾತ್ರ ಶ್ವಾಸಕೋಶದ ಹಿಂದೆ ಅಡಗಿರುತ್ತದೆ. ನಿಮ್ಮಣ್ಣನ ಸೀಳು ಇದ್ದಿದ್ದು ಅಲ್ಲೇ. ಎಕೋದಲ್ಲಿ ಸೀಳು ಕಂಡರೆ ನಂಬಬಹುದು. ಕಾಣಲಿಲ್ಲ ಅಂದರೆ ‘ಇಲ್ಲ’ ಅಂತ ಅರ್ಥ ಅಲ್ಲ.

ಬಾಯಿಂದ ಅನ್ನನಾಳಕ್ಕೆ ಟ್ಯೂಬ್ ಇಳಿಸಿ ಮಾಡುವ ಎಕೋ ಬೇರೆ. ಅನ್ನನಾಳ ಅಯೋರ್ಟಾಕ್ಕೆ ಅಂಟಿಕೊಂಡೇ ಇಳಿಯುವುದರಿಂದ ಚಿತ್ರ ಬಹಳ ಸ್ಪಷ್ಟ. ಡೈ ಬೇಡ, ರೋಗಿಯನ್ನು ಐಸಿಯು ಹಾಸಿಗೆಯಿಂದ ಕದಲಿಸಬೇಕಾಗಿಲ್ಲ. ಆದರೆ ಉಸಿರುನಾಳ ಅಡ್ಡ ಬರುವ ಒಂದು ಸಣ್ಣ ಜಾಗ ಅದಕ್ಕೆ ಕಾಣುವುದಿಲ್ಲ, ಹೊಟ್ಟೆಯ ಒಳಗಿನ ಅಯೋರ್ಟಾ ಪೂರ್ತಿ ಸಿಗುವುದಿಲ್ಲ. ನೋವಿನಲ್ಲಿರುವ, ಬಿಪಿ ಏರಿರುವ ರೋಗಿ ಟ್ಯೂಬ್ ನುಂಗುವಾಗ ಒದ್ದಾಡಿದರೆ ಬಿಪಿ ಇನ್ನೂ ಏರುತ್ತದೆ. ಮಂಪರು ಕೊಟ್ಟೇ ಮಾಡಬೇಕು, ಮಾಡಲು ಬರುವವರು ಆ ಹೊತ್ತಿಗೆ ಇರಬೇಕು. ರೋಗಿಯನ್ನು ಸಿ.ಟಿ. ಕೋಣೆಗೆ ಸಾಗಿಸಲು ಆಗದೇ ಇದ್ದಾಗ, ಆಪರೇಷನ್ ಥಿಯೇಟರಿನಲ್ಲಿ, ಇದೇ ನಮ್ಮ ಕಣ್ಣು.

ಎಂ.ಆರ್.ಐ. ಚಿತ್ರವೂ ಚೆನ್ನಾಗಿಯೇ ಬರುತ್ತದೆ. ಆದರೆ ಅರ್ಧ ತಾಸು ಆ ಸುರಂಗದಲ್ಲಿ ಅಲ್ಲಾಡದೆ ಮಲಗಬೇಕು. ಜೀವ ಕೈಯಲ್ಲಿ ಹಿಡಿದ ರೋಗಿಗೆ ಅದು ಆಗದ ಮಾತು.

ಹಾಗಾದರೆ ರಕ್ತದ ಟೆಸ್ಟ್? ಡಿ-ಡೈಮರ್ ಅಂತ ಒಂದಿದೆ. ಅನುಮಾನ ಕಡಿಮೆ ಇರುವವರಲ್ಲಿ, ಅದು 500ಕ್ಕಿಂತ ಕಡಿಮೆ ಬಂದರೆ ಸಿ.ಟಿ. ಬಿಡಬಹುದು. 2018ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಾಗೆ ಬಿಟ್ಟವರಲ್ಲಿ ಸುಮಾರು 300ರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ತಪ್ಪಿಹೋಗಿತ್ತು. ನೆನಪಿಡಿ, ಅನುಮಾನ ಕಡಿಮೆ ಇದ್ದಾಗ ಮಾತ್ರ. ಬಲವಾದ ಅನುಮಾನ ಇದ್ದಾಗ ಡಿ-ಡೈಮರ್ ರಿಪೋರ್ಟಿಗೆ ಕಾಯುತ್ತಾ ಕೂರುವುದು ತಪ್ಪು. ಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿದವರಲ್ಲಿ ಅದು ಕೆಲವೊಮ್ಮೆ ಏರುವುದೇ ಇಲ್ಲ.

ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ, ಅದನ್ನೇ ನಾವೆಲ್ಲ ಮರೆಯುತ್ತೇವೆ. ಎರಡೂ ಕೈಯಲ್ಲಿ ಬಿಪಿ ನೋಡುವುದು. ಮೇಲಿನ ಅಂಕಿಯಲ್ಲಿ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಒಂದು ಕೈಯ ಅಥವಾ ಕಾಲಿನ ನಾಡಿ ಸಿಗದಿದ್ದರೆ, ತಕ್ಷಣ ಎಚ್ಚರ ಆಗಬೇಕು. ವ್ಯತ್ಯಾಸ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ, ಬಹಳ ಜನರಲ್ಲಿ ಇರುವುದಿಲ್ಲ. ಆದರೆ ನೋಡುವುದಕ್ಕೆ ಎರಡು ನಿಮಿಷ ಸಾಕು.

ಈಗ ನನ್ನ ಕೋಣೆಗೆ ಬನ್ನಿ.

ಸಿ.ಟಿ. ಅಂದರೆ ಜನ ಒಂದೇ ಥರದ ಫೋಟೋ ಅಂದುಕೊಂಡಿದ್ದಾರೆ. ಹಾಗಲ್ಲ. ಏನು ಕೇಳುತ್ತೀರೋ ಅದಕ್ಕೆ ಮಾತ್ರ ಉತ್ತರ ಕೊಡುವ ಯಂತ್ರ ಅದು. ನನ್ನ ಸುರುವಿನ ವರ್ಷಗಳಲ್ಲಿ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದೆ. ಹಿರಿಯರೊಬ್ಬರನ್ನು ಕರೆತಂದರು. ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಉಸಿರಾಟದ ತೊಂದರೆ, ಶ್ವಾಸಕೋಶದಲ್ಲಿ ರಕ್ತದ ಗಡ್ಡೆ ಇದೆಯಾ ನೋಡಿ. ನಾನು ಅದಕ್ಕೆ ತಕ್ಕಂತೆ ಡೈ ಶ್ವಾಸಕೋಶದ ನಾಳಕ್ಕೆ ಮುಟ್ಟಿದ ಗಳಿಗೆಗೆ ಸ್ಕ್ಯಾನ್ ಮಾಡಿದೆ. ಡೈ ಇನ್ನೂ ಅಯೋರ್ಟಾಕ್ಕೆ ಬಂದಿರಲಿಲ್ಲ. ಗಡ್ಡೆ ಇಲ್ಲ ಅಂತ ಬರೆದೆ, ಅದು ಸರಿಯೂ ಆಗಿತ್ತು. ಬೆಳಗಿನ ಜಾವ ಅವರ ಮಗಳು ಮಾತಾಡುತ್ತಾ, ‘ಅಪ್ಪಾಜಿ ಕುರ್ಚಿಯಿಂದ ಎದ್ದ ಕೂಡಲೇ ಎದೆ ಹಿಡ್ಕೊಂಡ್ರು’ ಅಂದರು. ಮತ್ತೆ ಸ್ಕ್ಯಾನ್ ಮಾಡಿದೆವು. ಮೇಲೇಳುವ ಅಯೋರ್ಟಾದಲ್ಲೇ ಸೀಳು ಇತ್ತು. ಆ ನಾಲ್ಕು ತಾಸು ನನ್ನದು. ಅಂದಿನಿಂದ ಎದೆನೋವಿನ ಚೀಟಿ ಬಂದರೆ ನಾನು ಯಂತ್ರದ ಹತ್ತಿರ ಹೋಗುವ ಮೊದಲು ರೋಗಿಯ ಹತ್ತಿರ ಹೋಗುತ್ತೇನೆ. ‘ಹೇಗೆ ಶುರುವಾಯಿತು?’ ಅಂತ ಕೇಳುತ್ತೇನೆ.

ಅಯೋರ್ಟಾ ನೋಡಬೇಕು ಅಂದರೆ ಮಾಡುವ ಕ್ರಮವೇ ಬೇರೆ. ಮೊದಲು ಡೈ ಇಲ್ಲದೆ ಒಂದು ಸ್ಕ್ಯಾನ್. ಡೈ ಹಾಕುವುದೇ ಇದೆಯಲ್ಲ, ಇದು ಯಾಕೆ ಅಂತ ಟೆಕ್ನಿಷಿಯನ್‌ಗಳೇ ಕೇಳುವುದುಂಟು. ಗೋಡೆಯೊಳಗೆ ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಡೈ ಇಲ್ಲದ ಚಿತ್ರದಲ್ಲಿ ಬಿದಿಗೆ ಚಂದ್ರನ ಹಾಗೆ ಬೆಳ್ಳಗೆ ಕಾಣುತ್ತದೆ. ಡೈ ಬಂದು ಒಳಗೆಲ್ಲ ಹಾಲಿನಂತೆ ಬೆಳಗಿದ ಮೇಲೆ ಆ ತೆಳ್ಳನೆ ಬಿಳುಪು ಮಂಕಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಆಮೇಲೆ ಡೈ. ಸಾಧ್ಯವಾದರೆ ಬಲಗೈಗೆ, ಹಸಿರು ಕ್ಯಾನುಲಾದಲ್ಲಿ, ಅಂದರೆ ರಕ್ತನಾಳಕ್ಕೆ ಚುಚ್ಚಿಡುವ ದಪ್ಪ ನಳಿಕೆಯಲ್ಲಿ. ಸೆಕೆಂಡಿಗೆ 4ರಿಂದ 5 ಮಿ.ಲೀ. ವೇಗದಲ್ಲಿ ಹೋಗಬೇಕು, ಸಣ್ಣ ನೀಲಿ ಕ್ಯಾನುಲಾ ಅದನ್ನು ತಡೆಯುವುದಿಲ್ಲ. ಎಡಗೈಗೆ ಹಾಕಿದರೆ ದಟ್ಟ ಡೈ ತುಂಬಿದ ರಕ್ತನಾಳ ಸರಿಯಾಗಿ ಅಯೋರ್ಟಾದ ಬಾಗಿನ ಮುಂದೆಯೇ ಅಡ್ಡ ಹಾಯುತ್ತದೆ, ಚಿತ್ರದ ಮೇಲೆ ಗೀರು ಎಳೆದ ಹಾಗಾಗುತ್ತದೆ. ವಾರ್ಡಿನಲ್ಲಿ ಡ್ರಿಪ್ ಹಾಕುವ ಸಿಸ್ಟರ್‌ಗೆ ಇದು ಗೊತ್ತಿದ್ದರೆ ನಮಗೆ ಹತ್ತು ನಿಮಿಷ ಉಳಿಯುತ್ತದೆ.

ಸ್ಕ್ಯಾನ್ ಕುತ್ತಿಗೆಯಿಂದ ತೊಡೆಸಂದಿಯ ತನಕ ಆಗಬೇಕು. ಸೀಳು ಎಲ್ಲಿ ಶುರು, ಎಲ್ಲಿ ಕೊನೆ, ಮೆದುಳಿಗೆ, ಕರುಳಿಗೆ, ಕಿಡ್ನಿಗೆ, ಕಾಲಿಗೆ ಹೋಗುವ ಕವಲುಗಳಲ್ಲಿ ಯಾವುದು ಅಸಲಿ ದಾರಿಯಿಂದ ಹೊರಟಿದೆ, ಯಾವುದು ಸೀಳಿನ ದಾರಿಯಿಂದ ಹೊರಟಿದೆ, ಇದೆಲ್ಲ ಒಂದೇ ಸಲಕ್ಕೆ ಸಿಗಬೇಕು. ಎದೆಗಷ್ಟೇ ಸ್ಕ್ಯಾನ್ ಮಾಡಿ ನಿಲ್ಲಿಸಿದರೆ ಅರ್ಧ ಕಥೆ ಓದಿದ ಹಾಗೆ. ಸಾಧ್ಯವಿದ್ದರೆ ಇಸಿಜಿ ವೈರ್ ಹಚ್ಚಿ ಎದೆಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯಬೇಕು. ಹೃದಯದ ಪಕ್ಕದ ಅಯೋರ್ಟಾ ಪ್ರತಿ ಬಡಿತಕ್ಕೂ ಕುಣಿಯುತ್ತದೆ, ಆ ಅಲುಗಾಟವೇ ಚಿತ್ರದಲ್ಲಿ ಸುಳ್ಳು ಗೆರೆ ಹುಟ್ಟಿಸುತ್ತದೆ. ಆ ಗೆರೆಯನ್ನು ಸೀಳು ಅಂತ ತಪ್ಪು ಓದಿದರೆ ಆರೋಗ್ಯವಂತನ ಎದೆ ತೆರೆಸಿದ ಹಾಗಾಗುತ್ತದೆ.

ಡೈ ತುಂಬಿದ ಚಿತ್ರದಲ್ಲಿ ಡಿಸೆಕ್ಷನ್ ಕಂಡರೆ ಮೊದಲ ಸಲ ನೋಡುವವರಿಗೂ ಗೊತ್ತಾಗುತ್ತದೆ. ಬೆಳ್ಳಗಿನ ದುಂಡು ಬಟ್ಟಲಿನ ನಡುವೆ ಒಂದು ಸಣ್ಣ ಕಪ್ಪು ಗೆರೆ. ಅದೇ ಬಿಟ್ಟುಕೊಂಡ ಒಳಪದರ. ಗೆರೆಯ ಆಚೆ ಈಚೆ ಎರಡು ದಾರಿ. ಸಾಮಾನ್ಯವಾಗಿ ಚಿಕ್ಕದಾಗಿ ಒತ್ತಿಹೋಗಿರುವುದು ಅಸಲಿ, ಉಬ್ಬಿ ದೊಡ್ಡದಾಗಿರುವುದು ಸೀಳಿನದು. ಇಷ್ಟು ಕರಾರುವಾಕ್ಕಾಗಿ, ಇಷ್ಟು ಬೇಗ, ನಡುರಾತ್ರಿಯಲ್ಲೂ ಹೇಳಬಲ್ಲ ಪರೀಕ್ಷೆ ಇನ್ನೊಂದಿಲ್ಲ. ಮಲಗಿಸಿ ಎಬ್ಬಿಸುವುದಕ್ಕೆ ಹಿಡಿಯುವಷ್ಟು ಹೊತ್ತೂ ಸ್ಕ್ಯಾನಿಗೆ ಹಿಡಿಯುವುದಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ. ಬೇರೆ ದಾರಿಗಳಿದ್ದವು. ಆ ಸಂಜೆ ನಿಮ್ಮಣ್ಣನಿಗೆ ಇದಕ್ಕಿಂತ ಒಳ್ಳೆಯದು ಇರಲಿಲ್ಲ.

ಕಿಡ್ನಿ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಡಯಾಲಿಸಿಸ್ ಅನ್ನುವ ಮಾತು ಕೇಳಿದರೇ ಮನೆ ಮಂದಿಯ ಕೈಕಾಲು ಬಿದ್ದುಹೋಗುತ್ತದೆ. ಆದರೆ 52 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.6 ಅಂದರೆ ಕಿಡ್ನಿ ಸುಮಾರು ಅರ್ಧ ಶಕ್ತಿಯಲ್ಲಿ ಕೆಲಸ ಮಾಡುತ್ತಿದೆ ಅಂತ. ಡೈಗೆ ನಾವು ನಿಜವಾಗಿ ಹಿಂಜರಿಯುವುದು ಆ ಶಕ್ತಿ 30ಕ್ಕಿಂತ ಕೆಳಗೆ ಇಳಿದಾಗ. ಅಂಥವರಲ್ಲೂ ಅಯೋರ್ಟಾ ಸೀಳಿದೆ ಅನ್ನುವ ಬಲವಾದ ಅನುಮಾನ ಇದ್ದರೆ ಸ್ಕ್ಯಾನ್ ನಿಲ್ಲಿಸುವುದಿಲ್ಲ. ಇನ್ನೊಂದು ಮಾತು. ಸೀಳು ಕಿಡ್ನಿಯ ಕವಲನ್ನು ಮುಚ್ಚಿದರೂ ಕ್ರಿಯಾಟಿನಿನ್ ಏರುತ್ತದೆ. ಅಂದರೆ ನೀವು ಯಾವ ಅಂಕಿಯನ್ನು ನೋಡಿ ಸ್ಕ್ಯಾನ್ ಬೇಡ ಅಂದಿರೋ, ಆ ಅಂಕಿಯೇ ಸ್ಕ್ಯಾನ್ ಬೇಕು ಅನ್ನುವ ಸುಳಿವು ಆಗಿರಬಹುದಿತ್ತು. ಕಿಡ್ನಿಯನ್ನು ಉಳಿಸಲಿಕ್ಕೇ ಸಿ.ಟಿ. ಬೇಕಾಗುವ ಸಂದರ್ಭ ಅದು.

ಆ ಮೂರು ತಾಸು ನಿಮ್ಮನ್ನು ಕಾಡುತ್ತಿದೆ ಅಂತ ಕಾಣುತ್ತದೆ. ಉಳಿದವರಿಗೂ ಉಪಯೋಗವಾಗಲಿ ಅಂತ ನಿಜವನ್ನೇ ಹೇಳುತ್ತೇನೆ. ಸೀಳು ಮೇಲೇಳುವ ಭಾಗದಲ್ಲಿದ್ದರೆ ಟೈಪ್ ಎ. ಅದನ್ನು ಬಿಟ್ಟು ಮುಂದೆ ಇದ್ದರೆ ಟೈಪ್ ಬಿ. ಸ್ಟ್ಯಾನ್‌ಫರ್ಡ್‌ನ ಸರ್ಜನ್‌ಗಳು 1970ರಲ್ಲಿ ಹೀಗೆ ಎರಡೇ ಭಾಗ ಮಾಡಿದರು, ಯಾಕೆಂದರೆ ಚಿಕಿತ್ಸೆ ಅದರ ಮೇಲೇ ನಿಂತಿದೆ. ಟೈಪ್ ಎ ಆದರೆ ರಕ್ತ ಹೃದಯದ ಚೀಲಕ್ಕೆ ಸೋರಬಹುದು, ಮೆದುಳಿನ ದಾರಿ ಮುಚ್ಚಬಹುದು. ಆಪರೇಷನ್ ಆಗದಿದ್ದರೆ ಮೊದಲ ಎರಡು ದಿನ ತಾಸಿಗೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಾರೆ ಅಂತ ನಾವು ಓದಿದ ಲೆಕ್ಕ. ಅಲ್ಲಿ ಮೂರು ತಾಸು ಬಹಳ ದೊಡ್ಡದು. ನಿಮ್ಮಣ್ಣನದು ಟೈಪ್ ಬಿ. ಅಂಗಗಳಿಗೆ ರಕ್ತ ನಿಲ್ಲದೆ ಇದ್ದರೆ, ಹೊರಗೆ ಸೋರದಿದ್ದರೆ, ಔಷಧಿಯಿಂದಲೇ ಹಿಡಿತಕ್ಕೆ ತರುತ್ತಾರೆ. ನೋವು ತಗ್ಗಿಸಿ, ಎದೆಬಡಿತ ನಿಮಿಷಕ್ಕೆ 60ರ ಒಳಗೆ, ಮೇಲಿನ ಬಿಪಿ 100ರಿಂದ 120ರ ನಡುವೆ. ತೊಡಕಾದರೆ ತೊಡೆಯಿಂದ ಸ್ಟೆಂಟ್ ಕಳಿಸುತ್ತಾರೆ. ಅವರಿಗೆ ಅದು ಬೇಕಾಗಲಿಲ್ಲ.

ಟೈಪ್ ಎ ಅಂತ ಬಂದರೆ ನಮ್ಮ ಊರಿನವರು ಏನು ಮಾಡಬೇಕು? ಈ ಆಪರೇಷನ್ ಎಲ್ಲ ಆಸ್ಪತ್ರೆಗಳಲ್ಲೂ ಆಗುವಂಥದ್ದಲ್ಲ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200. ಹೈವೇ ಚೆನ್ನಾಗಿದೆ, ಆದರೂ ತಾಸುಗಳ ದಾರಿ. ಹೊರಡುವ ಮೊದಲೇ ಬಿಪಿ, ಎದೆಬಡಿತ ಹಿಡಿತಕ್ಕೆ ಬಂದಿರಬೇಕು. ಡ್ರಿಪ್, ಮಾನಿಟರ್ ಇರುವ ಆಂಬುಲೆನ್ಸ್ ಬೇಕು. ಆ ಕಡೆಯ ಹೃದಯ ಸರ್ಜನ್ ಜೊತೆ ಈ ಕಡೆಯ ಡಾಕ್ಟರ್ ಫೋನಿನಲ್ಲಿ ಮಾತಾಡಿರಬೇಕು. ಚಿತ್ರಗಳು ರೋಗಿಗಿಂತ ಮುಂಚೆ ತಲುಪಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಫಿಲಂ ಶೀಟನ್ನು ಕಿಟಕಿ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಒಂದು ಸ್ಕ್ಯಾನಿನಲ್ಲಿ ನೂರಾರು ಚಿತ್ರ ಇರುತ್ತವೆ, ಶೀಟಿನಲ್ಲಿ ಇರುವುದು ಕೆಲವು ಮಾತ್ರ. ಸರ್ಜನ್‌ಗೆ ಬೇಕಾದ ಅಳತೆ ಅದರಲ್ಲಿ ಸಿಗುವುದಿಲ್ಲ. ಆಗ ಅಲ್ಲಿ ಹೋದ ಮೇಲೆ ಮತ್ತೆ ಸ್ಕ್ಯಾನ್, ಮತ್ತೆ ಡೈ. ಸ್ಕ್ಯಾನ್ ಸೆಂಟರಿನಲ್ಲಿ ಪೂರ್ತಿ ಚಿತ್ರಗಳ ಸಿ.ಡಿ. ಅಥವಾ ಲಿಂಕ್ ಕೇಳಿ. ಅದು ನಿಮ್ಮ ಹಕ್ಕು.

ಮತ್ತೆ ಮತ್ತೆ ಸಿ.ಟಿ. ಯಾಕೆ ಅಂದಿರಿ. ನಿಮ್ಮಣ್ಣನ ಸೀಳು ಮಾಯವಾಗಿಲ್ಲ. ತಣ್ಣಗಿದೆ, ಅಷ್ಟೇ. ಗೋಡೆಯ ಒಂದು ಭಾಗ ಈಗ ತೆಳು ಪದರದ ಮೇಲೆ ನಿಂತಿದೆ, ನಿಧಾನವಾಗಿ ಉಬ್ಬಬಹುದು. ಅದು ನೋವು ಕೊಡುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದನೇ, ಮೂರನೇ, ಆರನೇ, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನೋಡುತ್ತಾರೆ. ಅಗಲ 5.5 ಸೆಂ.ಮೀ. ಹತ್ತಿರ ಬಂದರೆ, ಅಥವಾ ಬೇಗ ಬೇಗ ಬೆಳೆದರೆ, ಸ್ಟೆಂಟ್ ಅಥವಾ ಆಪರೇಷನ್ ಮಾತು ಬರುತ್ತದೆ. ಪ್ರತಿ ಸಲ ಹಳೇ ಸಿ.ಡಿ. ತಗೊಂಡು ಹೋಗಿ. ರಿಪೋರ್ಟ್ ಕಾಗದ ಸಾಲದು. ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಅಳೆದು ಹೋಲಿಸಿದಾಗ ಮಾತ್ರ 2 ಮಿ.ಮೀ. ಬೆಳೆದಿದ್ದು ನಿಜವೋ ಅಳತೆಯ ವ್ಯತ್ಯಾಸವೋ ಹೇಳಲು ಬರುತ್ತದೆ. ಸ್ಥಿರವಾಗಿದೆ ಅಂತ ಖಾತ್ರಿ ಆದ ಮೇಲೆ ಎಂ.ಆರ್.ಐ.ಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ರೇಡಿಯೇಷನ್ ತಪ್ಪುತ್ತದೆ.

ಮಾತ್ರೆ ಇನ್ನು ಜೀವನಪೂರ್ತಿ. ಎದೆಬಡಿತ ನಿಧಾನ ಮಾಡುವ ಮಾತ್ರೆಯನ್ನಂತೂ ಒಂದೇ ಸಲಕ್ಕೆ ನಿಲ್ಲಿಸಬಾರದು. ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಳ್ಳಿ, 130/80ರ ಒಳಗಿರಲಿ. ಅಂಗಡಿಗೆ ಹೋಗಲಿ, ಲೆಕ್ಕ ನೋಡಲಿ, ನಡೆಯಲಿ. ಚೀಲಕ್ಕೆ ಕೈ ಹಚ್ಚುವುದು ಬೇಡ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಬೀಡಿ ಸಿಗರೇಟ್ ಇದ್ದರೆ ಇವತ್ತೇ ನಿಲ್ಲಲಿ. ಇನ್ನೊಂದು ವಿಷಯ ಮೆಡಿಕಲ್ ಶಾಪಿನದು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್‌ಗಳು ಅಯೋರ್ಟಾದ ಗೋಡೆಗೆ ಆಗಬರುವುದಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಭೇದಿ, ಮೂತ್ರದ ಉರಿ ಅಂತ ಹೋದರೆ ನಮ್ಮಲ್ಲಿ ಇವನ್ನು ಸಲೀಸಾಗಿ ಕೊಡುತ್ತಾರೆ. ಯಾವ ಡಾಕ್ಟರ್ ಹತ್ತಿರ ಹೋದರೂ ಅಯೋರ್ಟಾ ವಿಷಯ ಮೊದಲು ಹೇಳಲಿ.

ಮೈಕೆಲ್ ಡಿಬೇಕಿ ಅಂತ ಅಮೆರಿಕದ ಸರ್ಜನ್ ಇದ್ದರು. ಈ ಕಾಯಿಲೆಗೆ ಆಪರೇಷನ್ ಕಂಡುಹಿಡಿದವರಲ್ಲಿ ಮೊದಲಿಗರು, ಅದರ ವಿಂಗಡಣೆಯೊಂದು ಅವರ ಹೆಸರಿನಲ್ಲೇ ಇದೆ. 2005ರ ಕೊನೆಯ ದಿನ, 97ನೇ ವಯಸ್ಸಿನಲ್ಲಿ, ಅವರಿಗೇ ಇದು ಬಂತು. ಮೊದಲು ಹಾರ್ಟ್ ಅಟ್ಯಾಕ್ ಅಂದುಕೊಂಡರು. 2006ರಲ್ಲಿ ತಾವೇ ಬೆಳೆಸಿದ ಆಪರೇಷನ್ ತಮಗೇ ಆಗಿ, 2008ರ ತನಕ ಬದುಕಿದ್ದರು. ಜೀವನಪೂರ್ತಿ ಇದನ್ನೇ ಕಂಡವರಿಗೂ ಮೊದಲು ಹಾಗನ್ನಿಸಿತು ಅಂದಮೇಲೆ, ನೀವು ಗ್ಯಾಸ್ ಅಂದುಕೊಂಡಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕೊನೆಗೆ ನಿಮ್ಮ ವಿಷಯ. ಹೌದು, ನೀವೂ ನೋಡಿಸಿಕೊಳ್ಳಬೇಕು. ನಿಮ್ಮಣ್ಣನಿಗೆ ಬಿಪಿಯಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ. ಆದರೂ ಒಡಹುಟ್ಟಿದವರು, ಮಕ್ಕಳು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಿಮಗೆ ಮೊದಲು ಬಿಪಿ ಮತ್ತು ಸಾಮಾನ್ಯ ಎಕೋ ಸಾಕು. ಅದರಲ್ಲಿ ಅಯೋರ್ಟಾದ ಬುಡದ ಅಗಲ, ಕವಾಟಕ್ಕೆ ಮೂರು ಎಸಳಿದೆಯಾ ಎರಡೇ ಇದೆಯಾ ಅನ್ನುವುದು ಗೊತ್ತಾಗಬೇಕು. ಎರಡೇ ಎಸಳಿದ್ದವರ ಅಯೋರ್ಟಾ ದುರ್ಬಲ ಇರಬಹುದು. ಎಕೋದಲ್ಲಿ ಸರಿಯಾಗಿ ಕಾಣದಿದ್ದರೆ ಅಥವಾ ಅಗಲ ಅನ್ನಿಸಿದರೆ ಮಾತ್ರ ಮುಂದಿನ ಸ್ಕ್ಯಾನ್. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿ ಕೇಳಿ. ನಿಮ್ಮ ವಂಶದಲ್ಲಿ ಸಣ್ಣ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ಹೋದವರು ಇದ್ದಾರಾ? ನಮ್ಮ ಹಳ್ಳಿಗಳಲ್ಲಿ ಹಾಗೆ ಹೋದವರೆಲ್ಲರದ್ದೂ ‘ಹಾರ್ಟ್ ಅಟ್ಯಾಕ್’ ಅಂತಲೇ ಲೆಕ್ಕ, ಒಳಗೆ ಏನಾಗಿತ್ತು ಅಂತ ಯಾರೂ ನೋಡಿರುವುದಿಲ್ಲ. ತೀರಾ ಎತ್ತರ, ಉದ್ದುದ್ದ ಬೆರಳು, ಸಣ್ಣ ವಯಸ್ಸಿಗೇ ಕಣ್ಣಿನ ಮಸೂರ ಜಾರಿದ್ದು, ಇಂಥವರು ಮನೆಯಲ್ಲಿದ್ದರೆ ಅದನ್ನೂ ಹೇಳಿ.

ಎಕೋಗೆ ಹೋಗುವಾಗ ಅಣ್ಣನ ಸಿ.ಟಿ. ರಿಪೋರ್ಟಿನ ಒಂದು ಜೆರಾಕ್ಸ್ ಕೈಯಲ್ಲಿರಲಿ. ‘ಸುಮ್ನೆ ಒಂದು ಚೆಕಪ್’ ಅನ್ನಬೇಡಿ. ‘ಅಣ್ಣನಿಗೆ ಅಯೋರ್ಟಾ ಸೀಳಿತ್ತು, ನನ್ನದನ್ನು ಅಳೆದು ಬರೆದುಕೊಡಿ’ ಅನ್ನಿ. ಎಕೋ ಮಾಡುವವರು ಆಗ ಕವಾಟದ ಹತ್ತಿರ ನಿಲ್ಲಿಸದೆ ಪ್ರೋಬನ್ನು ಇನ್ನೂ ಸ್ವಲ್ಪ ಮೇಲಕ್ಕೆ ಸರಿಸಿ ನೋಡುತ್ತಾರೆ.